ಎರಡು ಟ್ಯೂಬಿಗೆ ಒಂದೇ ಹೆಸರು

ಶಾಗ್ಯದ ಪುಟ್ಟಮಲ್ಲಮ್ಮನವರಿಗೆ, ಹನೂರಿನ ರಕ್ತ ಪರೀಕ್ಷೆಯ ಲ್ಯಾಬಿನ ಪದ್ಮಿನಿ ಮಾಡುವ ನಮಸ್ಕಾರ.

ಅವ್ವ, ಈ ಕಾಗದವನ್ನು ನಿಮಗೆ ಓದಿ ಹೇಳುವವಳು ನಿಮ್ಮ ಸೊಸೆ ಪ್ರೇಮಾ. ನಿಮಗೆ ಓದು ಬಾರದು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಬೇಕೆಂದು ಎರಡು ಸಲ ನಿಮ್ಮ ಮನೆಯ ತನಕ ಬಂದೆ, ಎರಡು ಸಲವೂ ಮಜ್ಜಿಗೆ ಕುಡಿದು ವಾಪಸು ಹೋದೆ. ಮೊದಲ ಸಲ ನೀವು ಪಕ್ಕದ ಮನೆಯವರನ್ನು ಕರೆದು, "ಇವ್ಳೇ ಕಣವ್ವ ನನ್ ಜೀವ ಉಳಿಸ್ದವ್ಳು" ಎಂದು ನನ್ನನ್ನು ತೋರಿಸಿದಿರಿ. ಎರಡನೆಯ ಸಲ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಒಳಗೆ ಹೋಗಿ ಒಂದು ಚೀಲ ಕಡ್ಲೆಕಾಯಿ ತಂದು ನನ್ನ ಸ್ಕೂಟಿಗೆ ಸಿಕ್ಕಿಸಿದಿರಿ. ಆ ಕಡ್ಲೆಕಾಯಿಯನ್ನು ನಾನು ತಿನ್ನಲಿಲ್ಲ. ಹಾಗೇ ಇದೆ.

ಪ್ರೇಮಾ, ಓದುವಾಗ ನಿನಗೆ ಕೋಪ ಬರಬಹುದು. ನಡುವೆ ನಿಲ್ಲಿಸಬೇಡ. ಯಾವ ಸಾಲನ್ನೂ ಹಾರಿಸಬೇಡ.

ಅವ್ವ, ನಿಮ್ಮ ಜೀವಕ್ಕೆ ಕುತ್ತು ತಂದವಳೇ ನಾನು. ಮಿಷನ್ ಕೆಟ್ಟಿತ್ತು ಎಂದು ನಿಮಗೆ ಹೇಳಿದ್ದು ಸುಳ್ಳು. ಮಿಷನ್ ಚೆನ್ನಾಗಿಯೇ ಇತ್ತು. ತಪ್ಪಿದ್ದು ನನ್ನ ಕೈ.

ಲ್ಯಾಬು ತೆರೆದು ಈ ಶ್ರಾವಣಕ್ಕೆ ಒಂದು ವರ್ಷ ತುಂಬಿತು. ಅದಕ್ಕೆ ಮುಂಚೆ ಎಂಟು ವರ್ಷ ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅಲ್ಲಿ ತಪ್ಪಾದರೆ ಹಿಡಿಯಲು ನನ್ನ ಮೇಲೆ ಇಬ್ಬರಿದ್ದರು. ಸ್ವಂತ ಮಾಡೋಣ ಎಂಬ ಆಸೆ ನನ್ನದೇ. ನನ್ನ ಯಜಮಾನರು ಉದಯಕುಮಾರ್ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಕೆಲಸವೋ ಕೆಲಸ, ಮಿಕ್ಕ ತಿಂಗಳು ಹೇಗೋ ಏನೋ. ಹಾಗಾಗಿ ಅವರೂ ಬೇಡ ಎನ್ನಲಿಲ್ಲ. ಯಳಂದೂರಿನಲ್ಲಿರುವ ನಮ್ಮಮ್ಮ ಮಾತ್ರ, ನೆತ್ತರಿನ ವ್ಯಾಪಾರ ಯಾಕವ್ವ ಎಂದು ಮುಖ ಸಣ್ಣಗೆ ಮಾಡಿಕೊಂಡಿದ್ದರು.

ಹನೂರಿನಲ್ಲಿ ಮಳಿಗೆ ಹಿಡಿದೆವು, ಅದರ ಹಿಂದೆಯೇ ಒಂದು ಕೋಣೆಯ ಮನೆ. ಮೊದಲ ತಿಂಗಳು ದಿನಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಒಂದೊಂದು ದಿನ ಯಾರೂ ಇಲ್ಲ. ಮಿಷನ್ ಸುಮ್ಮನೆ ನಿಂತರೆ ಕೆಡುತ್ತದೆ ಎಂದು ನನ್ನ ರಕ್ತವನ್ನೇ ತೆಗೆದು ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಜನ ಬಾರದಿದ್ದರೆ ಗತಿಯೇನು ಎಂಬುದೇ ಆಗಿನ ಹೆದರಿಕೆ. ದೀಪಾವಳಿ ಕಳೆದ ಮೇಲೆ ಜನ ಬರತೊಡಗಿದರು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ನನ್ನ ರಿಪೋರ್ಟು ಅಚ್ಚುಕಟ್ಟಾಗಿದೆ ಎಂದು ರೋಗಿಗಳನ್ನು ನನ್ನಲ್ಲಿಗೇ ಕಳಿಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳು ತುಂಬಿದ್ದನ್ನು ಕಂಡರೆ ಹಿಗ್ಗು. ಜನ ಬಂದ ಮೇಲೆ ಹೆದರಬೇಕಾದ್ದು ಇನ್ನೂ ಹೆಚ್ಚಿದೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ನೀವು ಬಂದದ್ದು ಮಾರ್ಚ್ ತಿಂಗಳ ಎರಡನೆಯ ಸೋಮವಾರ. ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗುವ ಜನದಿಂದ ಹನೂರು ಬೆಳಗ್ಗೆ ಆರಕ್ಕೇ ಗಿಜಿಗುಡುತ್ತಿತ್ತು. ನಾನು ಬಾಗಿಲು ತೆಗೆಯುವಾಗಲೇ ಹನ್ನೊಂದು ಜನ, ಎಲ್ಲರೂ ಖಾಲಿ ಹೊಟ್ಟೆಯಲ್ಲಿ. ಐದನೆಯವರ ರಕ್ತ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿಕೊಂಡು ಸತ್ತುಹೋಯಿತು. ಕರೆಂಟು ಬಂದ ಮೇಲೆ ಮಿಷನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಜನ ಗೊಣಗತೊಡಗಿದರು. ಬಸ್‌ ಸ್ಟ್ಯಾಂಡಿನ ಕಡೆ ಇನ್ನೊಂದು ಲ್ಯಾಬಿದೆ, ಅಲ್ಲಿಗೆ ಹೋಗೋಣ ಎಂದು ಒಬ್ಬರು ಎದ್ದು ನಿಂತೂ ಬಿಟ್ಟರು. ನೀವು ಎದ್ದು ಹೋಗಲಿಲ್ಲ. ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಇಷ್ಟೇ ಹೇಳಿದಿರಿ: "ಒಂಬತ್ತೂವರೆ ಬಸ್ಗೆ ಓಗ್ಬೇಕು ಕಣವ್ವ, ಎಮ್ಮೆ ಕಟ್ಟಾಕ್ಬುಟ್ಟು ಬಂದಿವ್ನಿ. ಒಸಿ ಬಿರ್ನೆ ಮಾಡ್ಕೊಡು."

ಆಗಲಿ ಎಂದೆ. ನಿಮಗೆ ಮಾತ್ರವಲ್ಲ, ಎಲ್ಲರಿಗೂ ಆಗಲಿ ಎಂದೆ.

ರಕ್ತ ತುಂಬಿದ ಟ್ಯೂಬಿನ ಮೇಲೆ ಹೆಸರು, ವಯಸ್ಸು, ಊರು, ಪುಸ್ತಕದ ನಂಬರು, ಇಷ್ಟನ್ನೂ ಅಲ್ಲೇ ಬರೆಯಬೇಕು. ಎಂಟು ವರ್ಷ ಬರೆದಿದ್ದೆ. ಅವತ್ತು ಬರೀ ಹೆಸರು ಬರೆದೆ, ಮಿಕ್ಕದ್ದು ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ. ನಿಮಗಿಂತ ಮುಂಚೆ ಅಜ್ಜೀಪುರದ ಒಬ್ಬರು ಬಂದು ಕುಳಿತಿದ್ದರು. ನಿಮ್ಮದೇ ವಯಸ್ಸು. ಅವರ ಹೆಸರೂ ಪುಟ್ಟಮಲ್ಲಮ್ಮ. ಒಂದೇ ಸ್ಟ್ಯಾಂಡಿನಲ್ಲಿ ಎರಡು ಟ್ಯೂಬು, ಎರಡರ ಮೇಲೂ ನನ್ನ ಕೈಬರಹದಲ್ಲಿ ಅದೇ ಹೆಸರು.

ಅವರಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ರಕ್ತದಲ್ಲಿ ಇನ್ನೂರ ಅರವತ್ತೆಂಟು ಇತ್ತು. ನಿಮ್ಮದು ತೊಂಬತ್ತೆರಡು, ಏನೂ ತೊಂದರೆ ಇಲ್ಲದವರಿಗೆ ಇರಬೇಕಾದಷ್ಟೇ. ನಾನು ಅವರದನ್ನು ನಿಮ್ಮ ಚೀಟಿಗೆ ಬರೆದೆ, ನಿಮ್ಮದನ್ನು ಅವರ ಚೀಟಿಗೆ. ಒಂಬತ್ತೂಕಾಲಿಗೆ ಇಬ್ಬರ ಕೈಗೂ ಕೊಟ್ಟೆ. ಬಸ್ಸು ಸಿಕ್ಕಿತಲ್ಲ ಎಂದು ಖುಷಿಯಿಂದ ನನ್ನ ಗಲ್ಲ ಮುಟ್ಟಿ ಹೋದಿರಿ.

ಮಂಡಿ ನೋವು, ಸುಸ್ತು ಎಂದು ಡಾಕ್ಟರಲ್ಲಿಗೆ ಹೋಗಿದ್ದ ನಿಮಗೆ ನನ್ನ ಚೀಟಿ ನೋಡಿ ಸಕ್ಕರೆ ಮಾತ್ರೆ ಬರೆದರು. ಡಾಕ್ಟರ ತಪ್ಪಲ್ಲ. ಚೀಟಿಯನ್ನು ನಂಬದೆ ಅವರಾದರೂ ಏನು ಮಾಡುತ್ತಾರೆ? ಇಲ್ಲದ ಕಾಯಿಲೆಗೆ ಹದಿನೇಳು ದಿನ ಎರಡು ಹೊತ್ತೂ ಮಾತ್ರೆ ನುಂಗಿದಿರಿ. ಮುದ್ದೆಯನ್ನು ಅರ್ಧಕ್ಕೆ ಇಳಿಸಿದಿರಿ, ಕಾಫಿಗೆ ಬೆಲ್ಲ ಹಾಕುವುದನ್ನು ಬಿಟ್ಟಿರಿ, ಹೊಲದ ಕೆಲಸ ಬಿಡಲಿಲ್ಲ.

ಹದಿನೇಳನೆಯ ದಿನ ಪ್ರೇಮಾ ಬಸುರಿಯ ಮೊದಲ ಪರೀಕ್ಷೆಗೆ ನನ್ನಲ್ಲಿಗೆ ಬಂದಳು. ತೋಳು ಚಾಚಿಕೊಂಡು ಮಾತಾಡುತ್ತಾ ಆಡುತ್ತಾ, "ನಮ್ಮತ್ತೆ ಮೈ ನಡುಗ್ತದೆ ಅಂತರೆ ಕಣಕ್ಕ. ಬೆವ್ತು ನೀರಾಯ್ತರೆ. ನೆನ್ನೆ ಒಲದ ಬದೀಲಿ ಕುಸ್ದು ಬಿದ್ರು, ಕೈಲಿ ಕುಡ್ಗೋಲಿತ್ತು" ಎಂದಳು. ಮಾತ್ರೆ ಸರಿಯಾಗಿ ನುಂಗುತ್ತಿದ್ದಾರಾ ಎಂದು ಕೇಳಿದೆ. ಒಂದು ಹೊತ್ತೂ ತಪ್ಪಿಸಿಲ್ಲ ಎಂದಳು.

ಅವಳನ್ನು ಹೊರಗೆ ಕೂರಿಸಿ ಪುಸ್ತಕ ತೆರೆದೆ. ಆ ಸೋಮವಾರದ ಪುಟ. ಆರನೆಯ ಸಾಲಿನಲ್ಲಿ ಪುಟ್ಟಮಲ್ಲಮ್ಮ, ಅಜ್ಜೀಪುರ. ಏಳನೆಯ ಸಾಲಿನಲ್ಲಿ ಪುಟ್ಟಮಲ್ಲಮ್ಮ, ಶಾಗ್ಯ. ಮಿಷನ್ನಿನ ಒಳಗೆ ಹಳೆಯ ಫಲಿತಾಂಶಗಳು ರಕ್ತ ತೆಗೆದ ಕ್ರಮದಲ್ಲೇ ಸಾಲಾಗಿ ಉಳಿದಿರುತ್ತವೆ. ಆರನೆಯದು ಇನ್ನೂರ ಅರವತ್ತೆಂಟು, ಏಳನೆಯದು ತೊಂಬತ್ತೆರಡು. ಪುಸ್ತಕದಲ್ಲಿ ನಾನು ಬರೆದದ್ದು ಅದಲು ಬದಲು.

ಇದನ್ನೂ ಹೇಳಿಬಿಡಬೇಕು. ಆ ಮಿಷನ್ನಿನಲ್ಲಿ ಅಳಿಸುವ ಗುಂಡಿ ಇದೆ. ಒತ್ತಿದರೆ ಆ ದಿನದ ಲೆಕ್ಕವೆಲ್ಲ ಹೋಗುತ್ತದೆ, ಆಮೇಲೆ ಯಾರೂ ಏನನ್ನೂ ತೋರಿಸಲಾರರು. ಬೆರಳನ್ನು ಅದರ ಮೇಲೆ ಇಟ್ಟಿದ್ದೆ. ಎಷ್ಟು ಹೊತ್ತು ಇಟ್ಟಿದ್ದೆನೋ ತಿಳಿಯದು. ಹೊರಗೆ ಪ್ರೇಮಾ ಕೆಮ್ಮಿದ್ದು ಕೇಳಿ ಕೈ ತೆಗೆದೆ. ಒಳ್ಳೆಯತನದಿಂದ ತೆಗೆದೆ ಎಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ಬಾಗಿಲು ಹಾಕಿ ಪ್ರೇಮಾಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಶಾಗ್ಯಕ್ಕೆ ಬಂದೆ. ಬಸುರಿ ಹೆಂಗಸು, ಗುಂಡಿ ಬಿದ್ದ ರಸ್ತೆ, ನಿಧಾನವಾಗಿ ಬರಬೇಕು. ನಿಧಾನ ಮಾಡಿದಷ್ಟೂ ನೀವು ಎಲ್ಲಿ ಬಿದ್ದಿರುತ್ತೀರೋ ಎಂಬ ಭಯ. ನೀವು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಿರಿ. ಹಣೆಯಲ್ಲಿ ಬೆವರು, ಕಣ್ಣು ಎಲ್ಲೋ. ನನ್ನ ಗುರುತೂ ಸಿಗಲಿಲ್ಲ ನಿಮಗೆ. ಬೆರಳಿಗೆ ಚುಚ್ಚಿ ನೋಡಿದರೆ ಐವತ್ನಾಲ್ಕು. ಇನ್ನು ಸ್ವಲ್ಪ ಇಳಿದಿದ್ದರೆ ಪ್ರಜ್ಞೆ ತಪ್ಪುತ್ತಿತ್ತು, ಅದಕ್ಕೂ ಮುಂದಿನದನ್ನು ಬರೆಯಲಾರೆ. ಪ್ರೇಮಾ ಬೆಲ್ಲದ ನೀರು ತಂದಳು, ನಾನೇ ಕುಡಿಸಿದೆ. ಕಾಲು ಗಂಟೆಯ ಮೇಲೆ ನೀವು ನನ್ನ ಗುರುತು ಹಿಡಿದು, "ಏನವ್ವ, ಇಷ್ಟು ದೂರ ಬಂದ್ಬುಟ್ಟಿದ್ದೀಯಲ್ಲ" ಎಂದಿರಿ.

ಆ ಮುಖ ನೋಡಿ ನಿಜ ಹೇಳಲು ಆಗಲಿಲ್ಲ. ಮಿಷನ್ ಕೆಟ್ಟಿತ್ತು, ಇವತ್ತು ಗೊತ್ತಾಯಿತು, ನಿಮಗೆ ಸಕ್ಕರೆಯೇ ಇಲ್ಲ, ಮಾತ್ರೆ ಎಸೆಯಿರಿ ಎಂದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಊರವರು, ಎಂಥ ಹುಡುಗಿ, ಮನೆ ಹುಡುಕಿಕೊಂಡು ಬಂದು ಹೇಳಿದಳು ಎಂದರು. ಮಾರನೆಯ ವಾರ ಶಾಗ್ಯದಿಂದ ಐದು ಜನ ನನ್ನನ್ನೇ ಕೇಳಿಕೊಂಡು ಬಂದರು. ನೀವು ಕಳಿಸಿದ್ದಿರಿ.

ಈಗ ಇದಕ್ಕಿಂತ ಕೆಟ್ಟದ್ದು ಹೇಳುತ್ತೇನೆ.

ಅಜ್ಜೀಪುರದವರಲ್ಲಿಗೆ ನಾನು ಅವತ್ತೇ ಹೋಗಬೇಕಿತ್ತು. ಹೋಗಲಿಲ್ಲ. ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಪ್ರಯತ್ನ ಮಾಡಿದೆನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ರೋಗಿ, ಡಾಕ್ಟರು ಹಾಗೆಲ್ಲ ಮಾತ್ರೆ ನಿಲ್ಲಿಸಿರಲಾರರು ಎಂದುಕೊಂಡೆ. ನಾಳೆ, ನಾಳೆ ಎಂದು ನಾಲ್ಕು ದಿನ ದೂಡಿದೆ. ನಿಮ್ಮಲ್ಲಿಗೆ ಬರುವಾಗ ನಿಮ್ಮನ್ನು ಉಳಿಸಬೇಕೆಂಬ ಹೆದರಿಕೆ ಇತ್ತು. ಅಲ್ಲಿಗೆ ಹೋಗದಂತೆ ತಡೆದದ್ದು ನನ್ನನ್ನು ಉಳಿಸಿಕೊಳ್ಳುವ ಹೆದರಿಕೆ.

ಐದನೆಯ ದಿನ ಹೋದರೆ ಮನೆಯಲ್ಲಿ ಅವರ ಯಜಮಾನ ಚಿಕ್ಕಮಾದಪ್ಪನವರು ಒಬ್ಬರೇ ಇದ್ದರು, ಬಟ್ಟೆ ತೆಗೆದುಕೊಂಡು ಹೋಗಲು ಬಂದವರು. ಹೆಂಡತಿ ಮೈಸೂರಿನ ಆಸ್ಪತ್ರೆಯಲ್ಲಿ ಎಂದರು. ಕಾಲಿಗೆ ಮೊದಲೇ ಮುಳ್ಳು ಚುಚ್ಚಿ ಹುಣ್ಣಾಗಿತ್ತಂತೆ. ನನ್ನ ಚೀಟಿ ನೋಡಿ, ಸಕ್ಕರೆ ಹೋಯಿತು ಎಂದು ಅವರಾಗಿಯೇ ಮಾತ್ರೆ ಬಿಟ್ಟಿದ್ದಾರೆ, ಡಾಕ್ಟರಿಗೂ ತೋರಿಸಿಲ್ಲ. ಹುಣ್ಣು ಕೊಳೆತು ಎರಡು ಬೆರಳು ತೆಗೆದಿದ್ದರು.

ಅಂಗಳದಲ್ಲಿ ನಿಂತು ನಿಜ ಹೇಳಿದೆ. ಟ್ಯೂಬು ಅದಲು ಬದಲಾಯಿತು, ತಪ್ಪು ನನ್ನದು, ನಾಲ್ಕು ದಿನದಿಂದ ಗೊತ್ತಿತ್ತು ಎಂದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಟ್ಟೆಯ ಗಂಟನ್ನು ಕೆಳಗಿಟ್ಟರು. ಆಮೇಲೆ, "ಆ ಚೀಟೀನ ಅವ್ಳು ದೇವ್ರ ಮನೇಲಿ ಮಡ್ಗವ್ಳೆ ಕಣವ್ವ. ದಿನಾ ಕೈ ಮುಗೀತಿದ್ಲು" ಎಂದರು. ಮುಂದೇನು ಮಾಡುತ್ತೀರಿ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು, "ಅವ್ಳು ಎದ್ದು ಬರ್ಲಿ. ಅವ್ಳು ಏನಂತಳೋ ಅದು."

ಅಲ್ಲಿಂದ ಐದು ತಿಂಗಳು ನಾನು ಹೇಗಿದ್ದೆ ಎಂದು ಕೇಳಬೇಡಿ. ಲ್ಯಾಬಿನ ಮುಂದೆ ಜೀಪು ನಿಂತರೆ ಪೊಲೀಸರು ಎಂದುಕೊಳ್ಳುತ್ತಿದ್ದೆ. ನಾಲ್ಕು ಜನ ಒಟ್ಟಿಗೆ ಮೆಟ್ಟಿಲು ಹತ್ತಿದರೆ ಅಜ್ಜೀಪುರದವರು ಬಂದರು ಎಂದು ಎದ್ದು ನಿಲ್ಲುತ್ತಿದ್ದೆ, ನೋಡಿದರೆ ಯಾರೋ ಜ್ವರದವರು. ಡಾಕ್ಟರಿಗೆ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ, ಎರಡು ತಿಂಗಳು ಒಬ್ಬ ರೋಗಿಯನ್ನೂ ಕಳಿಸಲಿಲ್ಲ. ನಮ್ಮವರು ಒಳ್ಳೆಯ ಮನುಷ್ಯ. ಆದರೂ, ಅಜ್ಜೀಪುರದವರಿಗೆ ಹೇಳಿಯಾಯಿತು, ಶಾಗ್ಯದವರು ಚೆನ್ನಾಗಿದ್ದಾರೆ, ಅವರಿಗೂ ಹೇಳಿ ಯಾಕೆ ಬಾಗಿಲು ಮುಚ್ಚಿಸಿಕೊಳ್ಳುತ್ತೀಯ ಎಂದರು. ಆ ಮಾತು ನನಗೆ ಹಿತವಾಗಿತ್ತು, ಒಪ್ಪಿಕೊಂಡುಬಿಟ್ಟೆ.

ಈಗ ಮಾಲಿನಿ ಎಂಬ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ಮೊದಲು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದವರು. ನಾನು ರಕ್ತ ತೆಗೆದರೆ ಅವರು ರೋಗಿಯನ್ನೇ ಹೆಸರು, ಊರು ಕೇಳಿ ಬರೆಯುತ್ತಾರೆ. ರಿಪೋರ್ಟು ಕೊಡುವ ಮುಂಚೆ ಇಬ್ಬರೂ ಗಟ್ಟಿಯಾಗಿ ಓದಿ ಹೊಂದಿಸುತ್ತೇವೆ. ಬಸ್ಸು ತಪ್ಪುತ್ತದೆ ಎಂದರೆ, ತಪ್ಪಲಿ, ನಾಳೆ ಬನ್ನಿ ಎನ್ನುವುದನ್ನು ಕಲಿತಿದ್ದೇನೆ. ಕೆಲವರು ಇನ್ನೊಂದು ಲ್ಯಾಬಿಗೆ ಹೋಗುತ್ತಾರೆ. ಹೋಗಲಿ. ಇದನ್ನೆಲ್ಲ ಮೊದಲ ದಿನವೇ ಮಾಡಬಹುದಿತ್ತು, ಒಬ್ಬರ ಎರಡು ಬೆರಳು ಹೋಗುವ ತನಕ ಕಾಯಬೇಕಿರಲಿಲ್ಲ. ಒಂದು ವರ್ಷದಲ್ಲಿ ನಾನು ಕಲಿತದ್ದು ಏನಾದರೂ ಇದ್ದರೆ ಅದು ನನ್ನ ಮೈ ಮೇಲೆ ಬರೆದದ್ದಲ್ಲ, ಅವ್ವ. ಬೇರೆಯವರ ಮೈ ಮೇಲೆ ಬರೆದದ್ದು. ಅದಕ್ಕೇ ಅದನ್ನು ಪಾಠ ಎಂದು ಕರೆಯಲು ನಾಚಿಕೆಯಾಗುತ್ತದೆ.

ಹೋದ ಬುಧವಾರ ಅಜ್ಜೀಪುರದ ಪುಟ್ಟಮಲ್ಲಮ್ಮ ಬಂದರು. ಆಟೋದಿಂದ ಇಳಿದು, ಕೋಲೂರಿಕೊಂಡು, ಒಂದು ಕಾಲಿಗೆ ದಪ್ಪನೆಯ ಚಪ್ಪಲಿ. ಜೊತೆಯಲ್ಲಿ ಯಾರೂ ಇಲ್ಲ. ನಾನು ಎದ್ದು ನಿಂತೆ. ಮಾಲಿನಿ ನನ್ನ ಮುಖ ನೋಡಿ ಬಾಗಿಲ ಕಡೆ ಸರಿದರು. ಪುಟ್ಟಮಲ್ಲಮ್ಮ ಬೆಂಚಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಮೈಸೂರಿನ ಡಾಕ್ಟರನ್ನು ತಾವೇ ಕೇಳಿದ್ದಾಗಿ ಹೇಳಿದರು. ಮಾತ್ರೆ ಬಿಡದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಕೇಳಿದರಂತೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಹೇಳಲಾಗದು ಎಂದರಂತೆ ಡಾಕ್ಟರು.

ನಾನು ಕಾಲು ಹಿಡಿಯಲು ಬಗ್ಗಿದೆ. ಕೋಲನ್ನು ಅಡ್ಡ ಹಿಡಿದರು.

"ಬೇಡ. ಒಂದು ಕೇಳ್ತೀನಿ. ಆ ಇನ್ನೊಬ್ಳು ಪುಟ್ಟಮಲ್ಲಿ ಅವ್ಳೆಯಲ್ಲ, ನನ್ ಸಕ್ರೆ ಒತ್ಕಂಡು ಓದವ್ಳು. ಅವ್ಳಿಗೆ ಹೇಳ್ದ್ಯಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ನಂಗೆ ಹೇಳಿದ್ದು ಬೆರಳು ಓಯ್ತು ಅಂತಾ? ಅವ್ಳು ನೆಟ್ಟಗವ್ಳೆ ಅಂತ ಅವ್ಳಿಗೆ ಬೇಡ್ವಾ?"

ಅವರು ದೂರು ಕೊಡುತ್ತೇನೆ ಎಂದೂ ಅನ್ನಲಿಲ್ಲ, ಬಿಟ್ಟಿದ್ದೇನೆ ಎಂದೂ ಅನ್ನಲಿಲ್ಲ. ಮೊದಲು ಅವಳಿಗೆ ಹೇಳು, ಆಮೇಲೆ ನಾವಿಬ್ಬರೂ ಯೋಚನೆ ಮಾಡುತ್ತೇವೆ ಎಂದಷ್ಟೇ ಹೇಳಿ ಆಟೋ ಹತ್ತಿದರು. ನೀವಿಬ್ಬರೂ. ಒಬ್ಬರ ಮುಖ ಒಬ್ಬರಿಗೆ ಅವತ್ತಿನ ಬೆಂಚಿನ ಮೇಲೆ ಬಿಟ್ಟರೆ ಗೊತ್ತಿಲ್ಲ. ಅವರ ಹೊಸ ಫೋನ್ ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನೀವು ಮಾತಾಡುವುದಾದರೆ ನನ್ನನ್ನು ಕೇಳಬೇಕಾಗಿಲ್ಲ. ಆ ದಿನದ ಪುಸ್ತಕದ ಪುಟವನ್ನೂ ಮಿಷನ್ನಿನ ಲೆಕ್ಕವನ್ನೂ ಜೆರಾಕ್ಸ್ ಮಾಡಿಸಿ ಜೊತೆಗಿಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ.

ಇನ್ನೊಂದು ವಿಷಯ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತಿರುವುದು. ಪ್ರೇಮಾ, ಇದು ನಿನ್ನದು. ಅವತ್ತು ನಿನ್ನ ಅತ್ತೆ ಬಿದ್ದ ಸುದ್ದಿ ಹೇಳಿದೆಯಲ್ಲ, ಆಗ ನಾನು ತೆಗೆಯುತ್ತಿದ್ದದ್ದು ನಿನ್ನ ರಕ್ತ. ಅದರ ಗುಂಪು ಬಿ ಪಾಸಿಟಿವ್ ಎಂದು ಬರೆದುಕೊಟ್ಟೆ, ಸರ್ಕಾರ ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲೂ ಅದೇ ಏರಿತು. ಆಮೇಲೆ ನೆಪ ಹೇಳಿ ನಿನ್ನನ್ನು ಎರಡು ಸಲ ಕರೆಸಿ ಮತ್ತೆ ನೋಡಿದೆ. ಎರಡು ಸಲವೂ ಅದೇ ಬಂತು. ಆದರೂ ನನಗೆ ನಂಬಿಕೆಯಿಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ, ಬೇರೆ ರಕ್ತ ಹಾಕಬೇಕಾಗಿ ಬಂದರೆ, ಆ ಕಾರ್ಡು ನೋಡಿಯೇ ಓಡಾಡುತ್ತಾರೆ. ಕಣ್ಣು ಮುಚ್ಚಿದರೆ ಆ ಕಾರ್ಡಿನ ಮೇಲಿನ ಅಕ್ಷರ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದು ಇದರಲ್ಲಿ ಮಡಿಸಿಟ್ಟಿದ್ದೇನೆ. ನಾಳೆಯೇ ಹೋಗು. ನನ್ನ ಹೆಸರು ಹೇಳು, ಇವಳು ಬರೆದದ್ದನ್ನು ನಂಬಬೇಡಿ, ನೀವೇ ನೋಡಿ ಎಂದು ಹೇಳು.

ಅವ್ವ, ನನ್ನದು ಇಷ್ಟೇ. ಕ್ಷಮಿಸಿ ಎಂದು ಕೇಳುವುದು ಈಗಲೇ ಬೇಡ, ನೀವು ಈಗಷ್ಟೇ ಕೇಳಿ ಮುಗಿಸಿದ್ದೀರಿ. ಸೋಮವಾರ ಮಧ್ಯಾಹ್ನ ಲ್ಯಾಬು ಮುಚ್ಚಿ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಲ್ಲುತ್ತೇನೆ. ಪಕ್ಕದ ಮನೆಯವರನ್ನು ಕರೆದು ನಾನು ಯಾರು ಎಂದು ಈಗ ಸರಿಯಾಗಿ ಹೇಳಿ. ನಾನು ಅಲ್ಲೇ ಇದ್ದು ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಸೊಸೆಯೂ ಬರುವ ಕೂಸೂ ನೆಟ್ಟಗೆ ಮನೆ ಸೇರಲಿ. ನಿಮಗೆ ಮುದ್ದೆ ಅರ್ಧವಾಗುವ ದಿನ ಮತ್ತೆ ಬಾರದಿರಲಿ.

ಬರುವ ಸೋಮವಾರಕ್ಕೆ ಹೆದರಿಕೊಂಡೇ ಕಾಯುತ್ತಿರುವ,
ಪದ್ಮಿನಿ
ಹನೂರು